ರಜೆ ಹಾಕದವನಿಗೆ ಪದಕ ಬೇಡ

ಕಾರ್ಮಿಕ ಕಲ್ಯಾಣಾಧಿಕಾರಿಗಳೇ,

ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ರಜೆ ಹಾಕದ ನನಗೆ ಬರುವ ಭಾನುವಾರ ಪದಕ ಕೊಡುವುದಾಗಿ ತಾವು ಪತ್ರ ಕಳಿಸಿದ್ದೀರಿ. ವಾರಕ್ಕೊಂದು ರಜೆ ಕೊಡಿಸಲೆಂದೇ ಇರುವ ಕಚೇರಿ, ಅದನ್ನು ತೆಗೆದುಕೊಳ್ಳದವನನ್ನು ಸನ್ಮಾನಿಸುವುದೇ? ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು, ಮಾನ್ಯರೇ? ಕಳೆದ ಭಾನುವಾರ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ವಂದನೆ ಹೇಳಲು ತಮ್ಮ ಕಚೇರಿಗೆ ಬಂದಿದ್ದೆ. "ಭಾನುವಾರ ಯಾರಿರ್ತಾರೆ ಯಜಮಾನ್ರೇ?" ಎಂದು ಕಾವಲುಗಾರ ನನ್ನನ್ನು ತಲೆಕೆಟ್ಟವನಂತೆ ನೋಡಿದ. ಅವನ ಲೆಕ್ಕಾಚಾರವೇ ಸರಿ.

ಪದಕದ ಒಳಗುಟ್ಟನ್ನು ಹೇಳಿಬಿಡುತ್ತೇನೆ. ನಾನು ನೋಟ್‌ಬುಕ್ ಕಟ್ಟುವ ಕಾರ್ಖಾನೆಯಲ್ಲಿ ಹೊಲಿಗೆ ಮೇಸ್ತ್ರಿ. ಭಾನುವಾರ ಅಲ್ಲಿ ಕೆಲಸವೇ ಇರುವುದಿಲ್ಲ. ಶನಿವಾರ ಹೊಲಿದಿಟ್ಟ ಪುಸ್ತಕಗಳ ದಾರ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಮನೆಯಲ್ಲಿ ಕೂತರೆ ಕೈ ಎಲ್ಲಿಡಬೇಕೆಂದೇ ನನಗೆ ತಿಳಿಯದು. ಸಂಜೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಏನೋ ಕಡಿದು ಗುಡ್ಡೆ ಹಾಕಿದವನಂತೆ ಮನೆಗೆ ಹೋಗುತ್ತಿದ್ದೆ. ಈ ಹುಚ್ಚು ನನ್ನೊಬ್ಬನಲ್ಲೇ ಉಳಿದಿದ್ದರೆ ಈ ಪತ್ರ ಬೇಕಿರಲಿಲ್ಲ. ಯಾರು ರಜೆ ಕೇಳಿದರೂ ಮಾಲೀಕರು "ಮೇಸ್ತ್ರಿನ ನೋಡಿ ಕಲೀರಿ" ಎನ್ನುತ್ತಿದ್ದರು. ನಾನು ಮೀಸೆ ತಿರುವುತ್ತಿದ್ದೆ.

ನಮ್ಮಲ್ಲಿ ಪುಸ್ತಕದ ಬೆನ್ನಿಗೆ ಅಂಟು ಹಚ್ಚುವ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳ ಮೂರು ವರ್ಷದ ಮಗಳಿಗೆ ಹುಟ್ಟಿನಿಂದ ಕಿವಿ ಕೇಳದು. ಆಪರೇಷನ್ ಮುಗಿದು, ಕಳೆದ ಶನಿವಾರ ಆಸ್ಪತ್ರೆಯಲ್ಲಿ ಕಿವಿಯ ಯಂತ್ರವನ್ನು ಮೊದಲ ಸಲ ಚಾಲೂ ಮಾಡುವವರಿದ್ದರು. "ಅಣ್ಣಾ, ಒಂದೇ ಒಂದು ದಿನ. ಮಾಲೀಕರಿಗೆ ನೀವೊಂದು ಮಾತು ಹೇಳಿ" ಎಂದಳು. ನನ್ನ ಒಂದು ಮಾತು ಸಾಕಿತ್ತು. ನಾನು ಅಂದದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. "ನಮ್ಮಪ್ಪನ್ನ ಮಣ್ಣು ಮಾಡಿದ ದಿನಾನೂ ಮಧ್ಯಾಹ್ನ ಬಂದು ಸೂಜಿ ಹಿಡಿದೋನು ನಾನು. ಯಂತ್ರ ಹಾಕೋರು ಡಾಕ್ಟ್ರು, ಅಲ್ಲಿ ನಿನಗೇನಮ್ಮ ಕೆಲಸ?" ಅವಳು ತನ್ನ ಮೇಜಿಗೆ ಹಿಂತಿರುಗಿದಳು. ಮಗುವನ್ನು ಪಕ್ಕದ ಮನೆಯಾಕೆಯ ಜೊತೆ ಕಳಿಸಿದಳು. ಆ ಶನಿವಾರ ಕಾಗದದ ಲಾರಿ ಬಾರದೆ ಕೆಲಸವೇ ಇರಲಿಲ್ಲ. ಸಂಜೆಯವರೆಗೆ ಅವಳು ತೊಳೆದ ಬ್ರಷ್ಷನ್ನೇ ತೊಳೆಯುತ್ತ ಕೂತಿದ್ದಳು.

ಸೋಮವಾರ ನಾನೇ ಕೇಳಿದೆ, "ಏನಮ್ಮಾ, ಮಗೂಗೆ ಕೇಳಿಸ್ತಂತಾ?"

"ಕೇಳಿಸ್ತಣ್ಣಾ. ಪಕ್ಕದ ಮನೆ ಅಕ್ಕ 'ಪುಟ್ಟೀ' ಅಂದ್ರಂತೆ. ತಿರುಗಿ ಅವರ ಮುಖ ನೋಡಿ ನಕ್ಕಳಂತೆ."

ಅಷ್ಟೇ ಹೇಳಿ ಅಂಟಿಗೆ ಬ್ರಷ್ ಅದ್ದಿದಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಂದಿನಿಂದ ಅವಳ ಮೇಜು ದಾಟಿ ಹೋಗಬೇಕಾದಾಗ ಸುತ್ತು ಹಾಕಿಕೊಂಡು ಹೋಗುತ್ತೇನೆ.

ಪದಕವನ್ನು ತಾವೇ ಇಟ್ಟುಕೊಳ್ಳಿ. ನನ್ನ ಬೇಡಿಕೆ ಬೇರೆ. ಸಮಾರಂಭಕ್ಕೆ ಕಾರ್ಖಾನೆಯ ಎಲ್ಲರೂ ಕಡ್ಡಾಯವಾಗಿ ಹಾಜರಿರಬೇಕೆಂದು ತಮ್ಮ ಸುತ್ತೋಲೆ ಹೇಳುತ್ತದೆ. ಹೆಸರುಗಳ ಪಟ್ಟಿಯಲ್ಲಿ ಅವಳೂ ಇದ್ದಾಳೆ. ಮಗು ಈಗ ದಿನಕ್ಕೊಂದು ಸದ್ದು ಗುರುತಿಸಲು ಕಲಿಯುತ್ತಿದೆಯಂತೆ. ಅದನ್ನು ಮನೆಯಲ್ಲಿ ಬಿಟ್ಟು, ಇದ್ದ ಒಂದು ರಜೆಯನ್ನೂ ಕಳೆದುಕೊಂಡು ಆ ತಾಯಿ ನನಗೆ ಚಪ್ಪಾಳೆ ತಟ್ಟಬೇಕು. ಶನಿವಾರದೊಳಗೆ ಆ ಸುತ್ತೋಲೆಯನ್ನು ಹಿಂಪಡೆಯಿರಿ.

ಇಂತಿ,
ಬರುವ ಭಾನುವಾರ ಮೊದಲ ಸಲ ಗೈರುಹಾಜರಾಗಲಿರುವ
ಹೊಲಿಗೆ ಮೇಸ್ತ್ರಿ