ಮೊಣಕಾಲು ನೋವಿನ ಕಾಲೊನಿ

ಮನೆಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮ? ಆ ಒಣ ಕೆಮ್ಮು ಹೋಯಿತೇ? ಏಳು ವರ್ಷದ ಹಿಂದಿನ ಕೆಮ್ಮನ್ನು ಈಗ ವಿಚಾರಿಸುತ್ತಿದ್ದಾಳಲ್ಲ ಎಂದು ನಗಬೇಡ. ನಿನ್ನ ಬಗ್ಗೆ ನನ್ನ ಹತ್ತಿರ ಇರುವ ಕೊನೆಯ ಸುದ್ದಿ ಅದೇ. ನಿನ್ನ ವಿಳಾಸ ಕೊಟ್ಟವಳು ಚಿಕ್ಕಮ್ಮ. ಅವಳನ್ನು ಬೈಯಬೇಡ. ಮೂರು ದಿನ ಅವಳ ಮನೆಯ ಸೋಫಾದ ಮೇಲೆ ಬೀಡುಬಿಟ್ಟು, ತಲೆ ತಿಂದು, ಬರೆಸಿಕೊಂಡೆ. ಓದದೆ ಹರಿದು ಹಾಕುತ್ತಾಳೆ ನೋಡು ಅಂತ ಅವಳು ಎಚ್ಚರಿಸಿದ್ದಾಳೆ. ಹರಿಯುವುದಾದರೆ ಓದಿ ಹರಿ, ಕೈಮುಗಿದು ಕೇಳುತ್ತೇನೆ. ಮನೆಗೆ ಬಾ ಅಂತ ಕರೆಯುವ ಪತ್ರ ಇದಲ್ಲ.

ಮೊದಲು ಅಪ್ಪನ ವಿಷಯ. ಬದುಕಿದ್ದಾರೆ, ಗಾಬರಿಯಾಗಬೇಡ. ಕಾಲೊನಿಯ ಕೊನೆಯಲ್ಲಿ ಹಳೆಯ ಉಗ್ರಾಣವಿತ್ತಲ್ಲ, ನೀವೆಲ್ಲ ಕಣ್ಣಾಮುಚ್ಚಾಲೆಗೆ ಬಚ್ಚಿಟ್ಟುಕೊಳ್ಳುತ್ತಿದ್ದದ್ದು, ಅಲ್ಲೀಗ ಎರಡು ಕುರ್ಚಿ, ಒಂದು ಟೇಬಲ್ ಫ್ಯಾನ್ ಇಟ್ಟುಕೊಂಡು ಒಬ್ಬ ಹುಡುಗಿ ಕೂರುತ್ತಾಳೆ. ನಿನ್ನದೇ ವಯಸ್ಸು. ಬಂದವರು ಮನಸ್ಸಿನಲ್ಲಿರುವುದನ್ನು ಹೇಳಿಕೊಂಡರೆ ಕೇಳುವುದು ಅವಳ ಕೆಲಸ. ಬಾಗಿಲಿಗೆ ಬೋರ್ಡ್ ಹಾಕಿಲ್ಲ, ಹಾಕಿದ್ದರೆ ನಮ್ಮ ಗಂಡಸರು ಆ ದಿಕ್ಕಿಗೆ ತಲೆ ಹಾಕಿ ಮಲಗುತ್ತಿರಲಿಲ್ಲ. ಎಲ್ಲರೂ ಅವಳನ್ನು ಟೀಚರ್ ಅನ್ನುತ್ತಾರೆ. ಅಪ್ಪ ಹತ್ತು ತಿಂಗಳಿಂದ ಪ್ರತಿ ಮಂಗಳವಾರ ಶೂ ಪಾಲಿಶ್ ಮಾಡಿಕೊಂಡು ಹೊರಡುತ್ತಾರೆ. ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಲ್ಲೇ ನಿದ್ದೆ ಮಾಡುತ್ತಿದ್ದವರು ಎರಡು ತಿಂಗಳಿಂದ ಮಂಚದ ಮೇಲೆ ಮಲಗುತ್ತಿದ್ದಾರೆ. ಮೊನ್ನೆ ಗಾಳಿಗೆ ಕಿಟಕಿ ಧಡಾರ್ ಅಂತ ಬಡಿಯಿತು. ಕಾಫಿ ಅಪ್ಪನ ಅಂಗಿಯ ಮೇಲೆ ಚೆಲ್ಲಿತು, ಆದರೆ ಲೋಟ ಗೋಡೆಗೆ ಹೋಗಲಿಲ್ಲ ಗುಬ್ಬಿ, ಲೋಟ ಕೈಯಲ್ಲೇ ಇತ್ತು. "ಅರ್ಧ ಹೇಳಿದ್ದೀನಿ ಕಣೇ, ಇನ್ನರ್ಧ ಹೇಳೋಕೆ ಇನ್ನೂ ಸ್ವಲ್ಪ ದಿನ ಬೇಕು" ಅಂದರು. ಆ ಕೋಣೆಯನ್ನು ಈ ತಿಂಗಳ ಮೂವತ್ತೊಂದಕ್ಕೆ ಮುಚ್ಚುತ್ತಾರೆ. ಮುಚ್ಚುವ ಹಾಗೆ ಮಾಡಿದವಳು ನಾನು.

ಹೇಗೆ ಅಂತ ಹೇಳುತ್ತೇನೆ. ವರ್ಷಕ್ಕೊಮ್ಮೆ ಕಂದು ಲಕೋಟೆಯಲ್ಲಿ ಫಾರಂ ಬರುತ್ತಿತ್ತು, ನೆನಪಿದೆಯಾ? ಸೇನೆಯಿಂದ ನಿವೃತ್ತರಾದವರ, ಅವರ ಮನೆಯವರ ಆರೋಗ್ಯ ಹೇಗಿದೆ ಅಂತ ಸರ್ಕಾರ ಮಾಡಿಸುತ್ತಿದ್ದ ಸಂಶೋಧನೆ. ಹದಿನೆಂಟು ವರ್ಷಕ್ಕೆ ಅದು ಮುಗಿದಿದೆ. ಸರಿಯಾಗಿ ನಡೆಯಿತೇ, ಅದರಿಂದ ಯಾರಿಗೆ ಏನು ಉಪಯೋಗವಾಯಿತು, ಮುಂದೆ ಏನು ಮಾಡಬೇಕು ಅಂತ ತೂಗಿ ನೋಡಲು ಒಂದು ಸಮಿತಿ ಮಾಡಿದ್ದಾರೆ. ಐದು ಜನ. ನಾಲ್ವರು ಓದಿಕೊಂಡವರು, ಐದನೆಯವಳು ನಿನ್ನಮ್ಮ. ಹದಿನೆಂಟು ವರ್ಷದಲ್ಲಿ ಒಂದು ಸಲವೂ ಫಾರಂ ತಪ್ಪಿಸದ ಆದರ್ಶ ಗೃಹಿಣಿಯಂತೆ, ಅದಕ್ಕೇ ಮನೆಯವರ ಪರವಾಗಿ ನನ್ನನ್ನು ಆರಿಸಿದರಂತೆ. ಕಾಗದ ಬಂದ ದಿನ ನಾನು ಉಬ್ಬಿಹೋಗಿದ್ದೆ. ಹೊಸ ಕನ್ನಡಕ ಬೇರೆ ಮಾಡಿಸಿಕೊಂಡೆ.

ಆ ಫಾರಂ ನಮ್ಮ ಮನೆಯಲ್ಲಿ ಹೇಗೆ ತುಂಬುತ್ತಿದ್ದೆವು ಎನ್ನುವುದನ್ನು ನೀನು ಬಾಗಿಲ ಸಂದಿಯಿಂದ ನೋಡಿದ್ದೀಯ. ಅಪ್ಪನ ದರ್ಜೆ ದೊಡ್ಡದು, ಹಾಗಾಗಿ ನಾನು ಕಾಲೊನಿಗೆಲ್ಲ ದೊಡ್ಡಕ್ಕ. ಶನಿವಾರ ಮಧ್ಯಾಹ್ನ ನಲವತ್ತು ಮನೆಯ ಹೆಂಗಸರು ಫಾರಂ, ಪೆನ್ನು ಹಿಡಿದುಕೊಂಡು ನಮ್ಮ ಹಾಲ್‌ನಲ್ಲಿ ಕೂರುತ್ತಿದ್ದರು. ನಾನು ಪ್ರಶ್ನೆ ಓದುತ್ತಿದ್ದೆ. ಮನೆಯಲ್ಲಿ ಯಾರಾದರೂ ನಿದ್ದೆಯಲ್ಲಿ ಕಿರುಚುತ್ತಾರೆಯೇ? ಒಂದು ಅಂದರೆ ಎಂದೂ ಇಲ್ಲ, ಐದು ಅಂದರೆ ಯಾವಾಗಲೂ. "ಎಲ್ಲರೂ ಒಂದು ಹಾಕಿ" ಅನ್ನುತ್ತಿದ್ದೆ. ಹೆಸರಿಲ್ಲ, ಬರೀ ನಂಬರ್ ಇರುತ್ತದೆ ಅಂತ ಮೇಲೇ ಅಚ್ಚಾಗಿತ್ತು, ಆದರೆ ನಂಬರ್ ಕೊಟ್ಟವರಿಗೆ ಹೆಸರು ಗೊತ್ತಿರುವುದಿಲ್ಲವೇ ಎಂಬುದು ನಮ್ಮ ಬುದ್ಧಿವಂತಿಕೆ. ನಿವೃತ್ತಿಯ ಮೇಲೆ ಗಂಡಸರಿಗೆ ಸಿಕ್ಕಿದ್ದು ಬಂದೂಕು ಹಿಡಿಯುವ ಕಾವಲು ಕೆಲಸ, ಬಸ್ಸು ಓಡಿಸುವ ಕೆಲಸ. ತಲೆ ಸರಿಯಿಲ್ಲ ಅಂತ ಒಂದು ಸಾಲು ಹೋದರೆ ಮಾರನೆಯ ದಿನ ಮನೆಯಲ್ಲಿ ಕೂರಬೇಕು ಅಂತ ಹೆದರಿದ್ದೆವು. ಬರೀ ಒಂದೊಂದೇ ಹಾಕಿದರೆ ಅನುಮಾನ ಬರುತ್ತದೆ ಅಂತ ಎದುರು ಮನೆ ಡ್ರೈವರ್‌ನ ಹೆಂಡತಿ ಬಾಯಿ ಬಿಟ್ಟಳು. ಆಗ ನಾನೇ ಅಂದೆ: "ಮೊಣಕಾಲು ನೋವು ಅಂತ ಬರೀರಿ, ಮೊಣಕಾಲು ಯಾರಿಗಿಲ್ಲ?" ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರೂ ಬರೆದರು. ಪ್ರತಿ ವರ್ಷ ಬರೆದರು.

ಈಗ ವರದಿ ಬಂದಿದೆ. ನಮ್ಮ ಕಾಲೊನಿಗೆ ಒಂದು ಇಡೀ ಅಧ್ಯಾಯ. ಇಲ್ಲಿನ ಕುಟುಂಬಗಳ ಮುಖ್ಯ ತೊಂದರೆ ಮೊಣಕಾಲು, ಮನಸ್ಸಿಗೆ ಸಂಬಂಧಿಸಿದ ತೊಂದರೆ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಆದ್ದರಿಂದ ಟೀಚರ್ ಕೂರುವ ಕೋಣೆಯಲ್ಲಿ ಕಾಲಿನ ವ್ಯಾಯಾಮದ ಯಂತ್ರಗಳನ್ನು ಇಡಬಹುದು ಅಂತ ಶಿಫಾರಸು. ಸಮಿತಿಯಲ್ಲಿ ಅಂಕಿಅಂಶ ನೋಡುವವರೊಬ್ಬರಿದ್ದಾರೆ, ನಾನು ಮನಸ್ಸಿನಲ್ಲೇ ಲೆಕ್ಕದ ಮೇಷ್ಟ್ರು ಅಂತ ಕರೆಯುತ್ತೇನೆ, ಒಳ್ಳೆಯ ಮನುಷ್ಯ. ಈ ಕಾಲೊನಿಯ ಉತ್ತರಗಳು ಒಂದಕ್ಕೊಂದು ಎಷ್ಟು ಚೆನ್ನಾಗಿ ತಾಳೆಯಾಗುತ್ತವೆ ನೋಡಿ ಅಂತ ಹೊಗಳಿ ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕು ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ.

ಸಮಿತಿಯವರು ಹಳೆಯ ಫಾರಂಗಳಲ್ಲಿ ಕೆಲವನ್ನು ಕಣ್ಣಾರೆ ನೋಡಬೇಕು ಎನ್ನುವುದು ನಿಯಮ. ನೆಲಮಾಳಿಗೆಯ ದಾಖಲೆ ಕೋಣೆಗೆ ಕರೆದುಕೊಂಡು ಹೋದರು. ಉದ್ದ ಟೇಬಲ್, ಟ್ಯೂಬ್‌ಲೈಟ್, ರಟ್ಟಿನ ಡಬ್ಬಗಳು, ಕೈಗೆ ತೆಳು ಗವಸು. ನಾನು ಮೊದಲನೆಯ ವರ್ಷದ ಡಬ್ಬ ಕೇಳಿದೆ. ಮಕ್ಕಳಿಗೆ ಅಂತ ಒಂದೇ ಒಂದು ಹಾಳೆ, ಬೇರೆ ಪುಟ್ಟ ಲಕೋಟೆ ಇರುತ್ತಿತ್ತು, ಮಗುವೇ ಬರೆದು ಮಗುವೇ ಅಂಟಿಸಬೇಕು ಅಂತ. ನೀನು ಒಂಬತ್ತು ವರ್ಷದವಳು, ನಾಲಿಗೆ ಹೊರಗೆ ಹಾಕಿಕೊಂಡು ಅರ್ಧ ಗಂಟೆ ಬರೆದು, ಅಂಟಿಸಿ, ಮೇಲೆ ಕೂತು ಒತ್ತಿ ಕೊಟ್ಟೆ. ನೀನು ಸ್ಕೂಲಿಗೆ ಹೋದ ಮೇಲೆ ನಾನದನ್ನು ಕೆಟಲ್ ಹಬೆಗೆ ಹಿಡಿದು ಬಿಚ್ಚಿದೆ. ನಿನ್ನದೇ ರಬ್ಬರಿನಿಂದ ಅಳಿಸಿದೆ. ಎಡಗೈಯಲ್ಲಿ ಸೊಟ್ಟಸೊಟ್ಟಗೆ, ನಾನು ಚೆನ್ನಾಗಿ ನಿದ್ದೆ ಮಾಡುತ್ತೇನೆ, ನಮ್ಮ ಅಪ್ಪ ಒಳ್ಳೆಯವರು, ಅಂತ ಬರೆದೆ. ಮುಂದಿನ ವರ್ಷ ಹಬೆ ಬೇಕಾಗಲಿಲ್ಲ. ಅದೇ ಎರಡು ಸಾಲನ್ನು ನೀನೇ ಬರೆದುಬಿಟ್ಟಿದ್ದೆ. ಜಾಣೆ ಅಂದುಕೊಂಡೆ. ದೇವರಾಣೆಗೂ ಸಂತೋಷಪಟ್ಟೆ.

ನಮ್ಮ ನಂಬರ್ ೪೧೭. ಹಾಳೆ ಸಿಕ್ಕಿತು. ನಿನ್ನದು ಒತ್ತಿ ಬರೆಯುವ ಕೈ, ಪೆನ್ಸಿಲ್ ಮುರಿಯುವಷ್ಟು. ಟ್ಯೂಬ್‌ಲೈಟಿಗೆ ಹಿಡಿದರೆ ನನ್ನ ಅಕ್ಷರದ ಕೆಳಗೆ ನಿನ್ನದು ಹಾಗೇ ಇದೆ. "ಅಪ್ಪ ಕಿರುಚಿದಾಗ ನಾನು ಬಚ್ಚಲುಮನೆಯಲ್ಲಿ ಬಕೆಟ್ ಮೇಲೆ ಕೂತು ಮಗ್ಗಿ ಹೇಳುತ್ತೇನೆ. ಹದಿಮೂರರ ಮಗ್ಗಿ ಬರುತ್ತದೆ." ಅಲ್ಲೇ ಕೂತುಬಿಟ್ಟೆ. ಒಂಬತ್ತು ವರ್ಷದ ಹುಡುಗಿಗೆ ಹದಿಮೂರರ ಮಗ್ಗಿ ಬರುತ್ತದೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನೇ.

ಅಧ್ಯಕ್ಷೆ ಹಿರಿಯ ವೈದ್ಯೆ. ಅಂದೇ ಅವರ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಬೈಯಲಿಲ್ಲ. "ನಿಮ್ಮಂಥ ದೊಡ್ಡಕ್ಕಂದಿರು ಇನ್ನೆಷ್ಟು ಕಾಲೊನಿಗಳಲ್ಲಿದ್ದರೋ" ಅಂದು ಹಣೆ ಒತ್ತಿಕೊಂಡರು. ಇಷ್ಟು ವರ್ಷ ಸುಳ್ಳು ಬರೆಸಿದವಳು ಈಗ ನಿಜ ಹೇಳುತ್ತಿದ್ದೇನೆ ಅಂದರೆ, ಅದೊಂದೇ ಮಾತಿನ ಮೇಲೆ ಸಮಿತಿ ಏನನ್ನೂ ತೀರ್ಮಾನಿಸಲಾರದು ಅಂದರು. ಆ ಹಾಳೆ ಇದ್ದರೆ, ಉತ್ತರ ತಿದ್ದಿದ್ದಕ್ಕೆ ಗುರುತು ಸಿಕ್ಕಿದ ಹಾಗೆ. ಆಗ ಪ್ರಶ್ನೆಗಳನ್ನು ಹೊಸದಾಗಿ ಕೇಳಿಸುವವರೆಗೆ ಕೋಣೆ ಮುಚ್ಚಬೇಡಿ ಅಂತ ಬರೆಯಬಹುದು. ಆದರೆ ಹಾಳೆ ಬರೆದವರು ಒಪ್ಪದೆ ಅದನ್ನು ಸಭೆಯಲ್ಲಿ ಓದುವಂತಿಲ್ಲ. ಸಭೆ ಇಪ್ಪತ್ತೈದಕ್ಕೆ, ಗುರುವಾರ.

ಮನೆಗೆ ಬಂದು ಅಪ್ಪನಿಗೂ ಹೇಳಿದೆ. ಕೂಗಾಡುತ್ತಾರೆ ಅಂತ ಬಾಗಿಲ ಹತ್ತಿರವೇ ನಿಂತಿದ್ದೆ, ಹಳೆಯ ಅಭ್ಯಾಸ. ಅವರು ಪಾಲಿಶ್ ಮಾಡುತ್ತಿದ್ದ ಶೂ ಕೆಳಗಿಟ್ಟರು. ಆಮೇಲೆ ಅಂದರು: "ಬರೆದಿದ್ರೆ ಯಾರಾದ್ರೂ ಬರ್ತಿದ್ರೇನೋ ಕಣೇ." ಅಷ್ಟೇ. ಗುಬ್ಬಿ, ಈ ಮನೆಯಲ್ಲಿ ನನ್ನ ಮೇಲೆ ಬಂದಿರುವ ಏಟುಗಳಲ್ಲಿ ಇಷ್ಟು ಜೋರಾದದ್ದು ಇನ್ನೊಂದಿಲ್ಲ. ನಾನು ಅವರನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಿನ್ನನ್ನೂ ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಯಾರಾದರೂ ಬರುತ್ತಿದ್ದರೇನೋ. ಅನ್ನ ಕಲಸಿದರೂ ಅದೇ ಮಾತು, ಬಟ್ಟೆ ಮಡಿಸಿದರೂ ಅದೇ ಮಾತು. ಎದುರು ಮನೆ ಡ್ರೈವರ್‌ನ ಮೊಮ್ಮಗಳು ಈಚೆಗೆ ನಮ್ಮ ಮೆಟ್ಟಿಲ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಾಳೆ. ಕತ್ತಲಾದರೂ ಒಳಗೆ ಹೋಗುವುದಿಲ್ಲ. ಯಾಕಮ್ಮ ಅಂತ ಕೇಳಿದೆ. ಗಾಳಿ ಚೆನ್ನಾಗಿದೆ ಅಜ್ಜಿ ಅಂದಳು. ಅವಳಿಗೂ ಆಗಲೇ ಉತ್ತರ ಬರುತ್ತದೆ. ನನಗೆ ದಿಕ್ಕೇ ತೋಚುತ್ತಿಲ್ಲ.

ಇನ್ನು ಬರೆದರೆ ಹಾಳೆ ಒದ್ದೆಯಾಗುತ್ತದೆ. ಚೆನ್ನಾಗಿರು ಕಂದ, ಹೊತ್ತಿಗೆ ಸರಿಯಾಗಿ ತಿನ್ನು, ಬಾಗಿಲಿಗೆ ಬೆನ್ನು ಹಾಕಿ ನೆಮ್ಮದಿಯಾಗಿ ಮಲಗು. ನಿನ್ನ ಜೊತೆ ಯಾರಾದರೂ ಇದ್ದರೆ ಅವರಿಗೂ ನನ್ನ ಆಶೀರ್ವಾದ.

ನಿನ್ನ ಅಮ್ಮ

ಮರೆತೆ ಅಂದುಕೊಳ್ಳಬೇಡ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ. ಆ ಹಾಳೆಯ ತಳದಲ್ಲಿ, ಇನ್ನೇನಾದರೂ ಹೇಳಬೇಕೇ ಎಂಬ ಪ್ರಶ್ನೆಯ ಮುಂದೆ ನೀನು ಇನ್ನೊಂದು ಸಾಲು ಬರೆದಿದ್ದೆ. ಅದನ್ನು ಎಲ್ಲಕ್ಕಿಂತ ಒತ್ತಿ ಅಳಿಸಿದ್ದೇನೆ, ಕಾಗದ ಅಲ್ಲಿ ಸವೆದಿದೆ, ಆದರೂ ಗುರುತು ಕಾಣುತ್ತದೆ. "ಅಮ್ಮ ಇಲ್ಲದಾಗ ನನ್ನನ್ನು ಕೇಳಿ." ಗುಬ್ಬೀ, ಒಪ್ಪಿಗೆ ಕೊಡು, ಹಾಳೆಯ ಜೊತೆಗೆ ನೀನೂ ಮಾತಾಡು. ಅಧ್ಯಕ್ಷೆಯ ಫೋನ್ ನಂಬರ್ ಲಕೋಟೆಯ ಹಿಂದೆ ಬರೆದಿದ್ದೇನೆ. ಒಪ್ಪಿದರೆ ಗುರುವಾರ ಹನ್ನೊಂದು ಗಂಟೆಗೆ ಅವರೇ ನಿನಗೆ ಫೋನ್ ಮಾಡುತ್ತಾರೆ. ಅಪ್ಪನ ಬಗ್ಗೆ ಹೇಳು, ನನ್ನ ಬಗ್ಗೆಯೂ ಹೇಳು, ಏನನ್ನೂ ಬಿಡಬೇಡ. ಅಧ್ಯಕ್ಷೆಗೆ ಹೇಳಿ ಒಪ್ಪಿಸಿದ್ದೇನೆ, ಆ ಹೊತ್ತಿಗೆ ನಾನು ಕೋಣೆಯಲ್ಲಿ ಇರುವುದಿಲ್ಲ.