ಕೊನೆಯ ಸಾಲಿನಲ್ಲಿ ನಿನ್ನ ಕೈಗಳು

ಬಂತಾಮಾ, ಕುಮಾಸಿ

ನನ್ನ ಮುದ್ದು ಪೋಕುವಾ,

ನೀನು ಫೋನು ಎತ್ತುತ್ತಿಲ್ಲ. ನಾನು ಮಾಡಿದರೂ ಇಲ್ಲ, ನಿನ್ನ ಅಮ್ಮ ಮಾಡಿದರೂ ಇಲ್ಲ. ಅದಕ್ಕೇ ಪೆನ್ನು ಹಿಡಿದು ಕೂತೆ. ಅಕ್ರಾ ಬಸ್ಸಿನ ಡ್ರೈವರ್ ಕೈಗೆ ಈ ಕಾಗದ ಕೊಡುತ್ತಿದ್ದೇನೆ. ಜೊತೆಗಿರುವ ಒಣಮೀನಿನ ಖಾರದ ಡಬ್ಬಿ ನಿನ್ನ ಅಮ್ಮನದು. ಅದನ್ನು ಮೊದಲು ತಿನ್ನು, ಆಮೇಲೆ ಓದು. ಹಸಿದ ಹೊಟ್ಟೆಯಲ್ಲಿ ನನ್ನ ಮಾತು ಕೇಳಿದರೆ ನಿನಗೆ ಕೋಪ ಬರುತ್ತದೆಂದು ಚಿಕ್ಕಂದಿನಿಂದಲೂ ಬಲ್ಲೆ.

ನಿನ್ನ ಕೋಣೆಯ ಜೊತೆಗಾತಿ ಲಮಿಲೆ ನನಗೆ ಎಲ್ಲ ಹೇಳಿದಳು. ಅವಳನ್ನು ಬೈಯಬೇಡ, ಹೆದರಿಕೆಯಾಗಿ ಹೇಳಿದಳು. ಇನ್ನೊಂದು ಹಾಡಿನ ವಿಡಿಯೋಗೆ ನಿನ್ನನ್ನು ಕರೆದಿದ್ದಾರಂತೆ. ಈ ಸಲ ಮುಂದಿನ ಸಾಲಂತೆ, ಮುಖವೂ ಕಾಣುತ್ತದಂತೆ, ಆದರೆ ಬಣ್ಣ ಸ್ವಲ್ಪ ತಿಳಿಯಾಗಬೇಕಂತೆ. ಅಂದಿನಿಂದ ನೀನು ಬಾಗಿಲು ಹಾಕಿಕೊಂಡು ಯಾವುದೋ ಬಿಳಿ ಕ್ರೀಮು ತಿಕ್ಕುತ್ತಿದ್ದೀಯಂತೆ. ಕೆನ್ನೆ ಕೆಂಪಗೆ ಸುಲಿದಿದೆಯಂತೆ, ಬೆರಳಿನ ಗೆಣ್ಣುಗಳು ಮಾತ್ರ ಹಟ ಹಿಡಿದು ಕಪ್ಪಗೇ ಉಳಿದಿವೆಯಂತೆ. ಇದನ್ನು ಕೇಳಿ ನನಗೆ ಸಿಟ್ಟು ಬರಲಿಲ್ಲ ಮಗಳೇ, ಸಂಕಟವಾಯಿತು. ನಿನ್ನ ಕೆನ್ನೆಗೆ ಚಿಕ್ಕಂದಿನಲ್ಲಿ ಶಿಯಾ ಕಾಯಿಯ ಬೆಣ್ಣೆ ಹಚ್ಚಿದ ಕೈ ನನ್ನದು.

ಮೊದಲ ವಿಡಿಯೋ ತೆಗೆಯುವಾಗ ಎಲ್ಮಿನಾದ ಕಡಲ ದಂಡೆಯಿಂದ ನೀನು ಫೋನು ಮಾಡಿದ ದಿನ ನೆನಪಿದೆಯಾ? ಉಸಿರು ಬಿಡದೆ ಮಾತಾಡಿದ್ದೆ. "ದೊಡ್ಡಮ್ಮ, ಆ ಹಾಡುಗಾರ್ತಿ ನನ್ನ ತಬ್ಕೊಂಡ್ಲು. ಪಕ್ಕದಲ್ಲೇ ಕುಣೀಬೇಕಂತೆ. ಆಫ್ರಿಕಾ ಅಂದ್ರೆ ಪ್ರಾಣ ಅಂತೆ ಅವಳಿಗೆ." ನಾನು ಆಗ, ಪ್ರಾಣ ಹಾಗಿರಲಿ, ಮಧ್ಯಾಹ್ನದ ಊಟ ಕೊಟ್ಟಳಾ ಕೇಳು ಎಂದಿದ್ದೆ. ನೀನು ನಕ್ಕೆ. ನಿನ್ನ ಆ ನಗು ಕೇಳಿ ಬಹಳ ದಿನವಾಯಿತು.

ವಿಡಿಯೋ ಬಂದ ಭಾನುವಾರ ಇಲ್ಲಿ ಏನಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ಚರ್ಚು ಮುಗಿಸಿ ಬೀದಿಯವರೆಲ್ಲ ತಿವಾಳ ಫುಫು ಮುದ್ದೆಯ ಅಂಗಡಿಯಲ್ಲಿ ಸೇರಿದ್ದೆವು, ದೊಡ್ಡ ಟಿವಿ ಇರುವುದು ಅಲ್ಲೇ ತಾನೆ. ನಿನ್ನ ಅಮ್ಮ ಅಕ್ಯಾ, ಹಬ್ಬದ ನೀಲಿ-ಬಿಳಿ ಬಟ್ಟೆ ಉಟ್ಟು, ಮಣಿಸರ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಕೇಳಿದವರಿಗೂ ಕೇಳದವರಿಗೂ, ನಮ್ಮ ಹುಡುಗಿ ಹಾಡುಗಾರ್ತಿಯ ಬಲಗಡೆಗೇ ಇರುತ್ತಾಳೆ ಎಂದು ಸಾರುತ್ತಿದ್ದಳು.

ಹಾಡು ಶುರುವಾಯಿತು. ಆ ಬಿಳಿಯ ಹಾಡುಗಾರ್ತಿ ಸಾವಿನ ಮನೆಗೆ ಉಡುವ ನಮ್ಮ ಕೆಂಪು ಬಟ್ಟೆ ಸುತ್ತಿಕೊಂಡು, ಬಾಯ್ತುಂಬ ನಗುತ್ತ ಬಂದಳು. ತಿವಾ ಒನಕೆ ನಿಲ್ಲಿಸಿ, "ಯಾರು ಹೋಗಿದ್ದು? ಈ ಮಗು ಯಾಕೆ ಹಿಂಗೆ ಹಲ್ಲು ಕಿಸೀತಾ ಇದೆ?" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಅವಳ ಬಲಗಡೆಗೆ ನಿಂತಿದ್ದವಳು ಸೊಂಟದವರೆಗೆ ಕೂದಲಿದ್ದ, ಮಾಗಿದ ಪಪ್ಪಾಯಿ ಬಣ್ಣದ ಹುಡುಗಿ. ನೀವೆಲ್ಲ ಹಿಂದೆ, ಪಂಜಿನ ಹೊಗೆಯಲ್ಲಿ, ಹುಲ್ಲಿನ ಲಂಗ ಉಟ್ಟು, ಮೈಗೆ ಎಣ್ಣೆ ಮಸಿ ಬಳಿಸಿಕೊಂಡು ನಿಂತಿದ್ದಿರಿ. ನಮ್ಮ ಮನೆತನದಲ್ಲಿ ಹುಲ್ಲು ಉಟ್ಟವರನ್ನು ನಾನಂತೂ ಕಂಡಿಲ್ಲ. ನಿನ್ನ ಮುತ್ತಜ್ಜಿಯ ಕೈಮಗ್ಗದ ಕೆಂಟೆ ಬಟ್ಟೆ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ದಂಡೆಯ ಮೇಲೆ ಒಂದು ಆಡು ಅಡ್ಡ ಬಂತು. ಆ ಆಡಿನ ಮುಖ ಚೆನ್ನಾಗಿ ಕಂಡಿತು, ನಿಮ್ಮ ಯಾರ ಮುಖವೂ ಕಾಣಲಿಲ್ಲ.

ನಿನ್ನ ಅಮ್ಮ ಎದ್ದು ಟಿವಿಯ ಹತ್ತಿರ ಹೋಗಿ ಒಬ್ಬಳ ಮೇಲೆ ಬೆರಳಿಟ್ಟು, "ನನ್ನ ಮಗಳು" ಎಂದಳು. ಅದು ನೀನಲ್ಲ. ಮತ್ತೊಬ್ಬಳ ಮೇಲೆ ಬೆರಳಿಟ್ಟಳು. ಅವಳೂ ನೀನಲ್ಲ. ಹಿಂದಿನಿಂದ ಯಾರೋ, "ಅಕ್ಯಾ, ಎಷ್ಟು ಹೆಣ್ಮಕ್ಕಳನ್ನ ಹೆತ್ತಿದ್ದೀಯಮ್ಮ?" ಎಂದರು. ಅವಳು ಹೊರಟು ಹೋದಳು. ಹೆತ್ತ ತಾಯಿಗೇ ಮಗಳ ಗುರುತು ಸಿಗದ ಹಾಗೆ ಮಾಡಿದ್ದರಲ್ಲ!

ಆ ಹಾಡುಗಾರ್ತಿ ಕೆಟ್ಟವಳೆಂದು ನಾನು ಹೇಳಲಾರೆ. ನಿನ್ನನ್ನು ತಬ್ಬಿಕೊಂಡದ್ದು ನಿಜವಾದ ಪ್ರೀತಿಯೇ ಇರಬೇಕು. ತಬ್ಬಿದ ಕೈಯಿಂದಲೇ ಹಿಂದಿನ ಸಾಲಿಗೆ ತಳ್ಳಿದಳು, ತಳ್ಳಿದೆನೆಂದು ಅವಳಿಗೇ ಗೊತ್ತಾಗಿರಲಿಕ್ಕಿಲ್ಲ. ಬೈದವರಿಗೆ ತಿರುಗಿಸಿ ಬೈಯಬಹುದು. ಪ್ರೀತಿ ಮಾಡುತ್ತಲೇ ಕತ್ತಲಲ್ಲಿ ನಿಲ್ಲಿಸುವವರಿಗೆ ಏನು ಹೇಳುವುದು? ನಮ್ಮ ಹುಡುಗರೇನೂ ಕಡಿಮೆಯಿಲ್ಲ ಬಿಡು. ಅಕ್ರಾದ ಹಾಡುಗಳಲ್ಲೂ ಹುಡುಗ ಪ್ರೀತಿಸುವುದು ತಿಳಿ ಬಣ್ಣದವಳನ್ನು, ನೀರು ಹೊರುವುದು ನಮ್ಮ ಬಣ್ಣದವಳು.

ಆದರೆ ಪೋಕುವಾ, ನೀನು ಅವರಿಗೆ ಏನು ಹೇಳಿದೆ ಎಂಬುದನ್ನು ನಾವು ಕೇಳಿಸಿಕೊಂಡೆವು. ಇದನ್ನು ನಿನಗೆ ತಿಳಿಸಬೇಕೆಂದೇ ಈ ಕಾಗದ.

ಹಾಡು ಮುಗಿಯುವಾಗ ಎಲ್ಲರೂ ಹೇಳಿಕೊಟ್ಟ ಹಾಗೆ ತೋಳು ಬೀಸುತ್ತಿದ್ದರು. ಎಡಗಡೆಯ ಕೊನೆಯವಳು ಮಾತ್ರ ಎರಡೂ ಕೈಗಳನ್ನು ಒಳಮುಖವಾಗಿ ಸುತ್ತಿ, ನಗಾರಿಯ ಕೊನೆಯ ಪೆಟ್ಟಿಗೆ ಬಲಗೈಯನ್ನು ಥಟ್ಟನೆ ಚಾಚಿದಳು. ನನಗೆ ಮುಖ ಬೇಕಾಗಲಿಲ್ಲ. ಆ ಮಣಿಕಟ್ಟನ್ನು ತಿದ್ದಿದವಳು ನಾನು. ನಮ್ಮ ಅಂಗಳದಲ್ಲಿ ಅಡೊವಾ ಕುಣಿತ ಕಲಿಯುವಾಗ, ಇದಕ್ಕೇನು ಅರ್ಥ ಎಂದು ನೀನು ಕೇಳಿದ್ದೆ. "ನನ್ನನ್ನ ಹಗ್ಗದಲ್ಲಿ ಕಟ್ಟಿ ನೋಡು, ಹರ್ಕೊಂಡು ಬರ್ತೀನಿ ಅಂತ" ಎಂದಿದ್ದೆ ನಾನು. ಅವತ್ತೇ ಸಂಜೆ ಜಡೆ ಹಾಕಲು ಕೂರಿಸಿಕೊಂಡ ಅಮ್ಮನ ಮುಂದೆ ನೀನು ಅದನ್ನೇ ಮಾಡಿ ಬೆನ್ನಿಗೆ ಗುದ್ದು ತಿಂದೆ.

ನಾನು ಬಾಯಿ ಬಿಡುವ ಮೊದಲೇ ನಗಾರಿಯ ತಾತ ಅಡಾಯ್, "ನಿಲ್ಸಿ, ಇನ್ನೊಂದು ಸಲ ಹಾಕಿ" ಎಂದ. ಮತ್ತೆ ಹಾಕಿದರು. ತಾತ ಕೋಲೂರಿಕೊಂಡು ಎದ್ದು, ಕುಣಿಯುವವರ ನೆತ್ತಿಯ ಮೇಲೆ ಮೆಚ್ಚುಗೆಗೆ ಎರಡು ಬೆರಳು ಹಿಡಿಯುತ್ತೇವಲ್ಲ, ಹಾಗೆ ಟಿವಿಯ ಮೇಲೆ ಎರಡು ಬೆರಳು ಹಿಡಿದು ನಿಂತ. ತಿವಾ ಫುಫು ಅಂಟಿದ ಬೆರಳುಗಳನ್ನೇ ಎತ್ತಿದಳು. ಆಮೇಲೆ ಅಲ್ಲಿದ್ದವರೆಲ್ಲ ಎತ್ತಿದರು. ಅವರ ಕ್ಯಾಮೆರಾದವನಿಗೆ ನಿನ್ನ ಆ ಕೈ ಬರೀ ಚೆಂದ ಕಂಡಿತೇನೋ, ತೆಗೆದುಹಾಕದೆ ಬಿಟ್ಟ. ಈಗ ನಮ್ಮ ಬೀದಿಯ ಪುಟ್ಟ ಹುಡುಗಿಯರೆಲ್ಲ ಅಮ್ಮಂದಿರ ಮುಂದೆ ಅದನ್ನೇ ಮಾಡಿ ಗುದ್ದು ತಿನ್ನುತ್ತಿದ್ದಾರೆ.

ನೀನು ವಿಡಿಯೋಗೆ ಹೋಗಬೇಡ ಎನ್ನುವುದಿಲ್ಲ. ಕುಣಿತ ನಿನ್ನ ಕಸುಬು. ನಿನ್ನ ಬಣ್ಣದಲ್ಲೇ ಹೋಗು. ಬೇಡವೆಂದರೆ ಅವರ ಪಾಡು ಅವರಿಗೆ. ಬರುವ ಶನಿವಾರ ತಾತನ ತಂಗಿಯ ಸಾವಿನ ಕಾರ್ಯವಿದೆ. ಹಗಲು ಬೆಳಕಿನಲ್ಲಿ ಕುಣಿತ, ಎಲ್ಲಕ್ಕಿಂತ ಮುಂದಿನ ಜಾಗ ನಿನಗೆ ಇಟ್ಟಿದ್ದೇವೆ.

ಇನ್ನೊಂದು ಮಾತು. ನಿನ್ನ ಅಮ್ಮ ಚರ್ಚಿನ ಹಾಡು ಬಿಟ್ಟರೆ ಬೇರೇನೂ ಕಲಿತವಳಲ್ಲ. ಈಗ ದಿನಾ ನನ್ನ ಅಂಗಳಕ್ಕೆ ಬಂದು ಕೈ ಕಲಿಸು ಎಂದು ಕೂರುತ್ತಾಳೆ. ಮಣಿಕಟ್ಟು ಮರದ ತುಂಡಿನ ಹಾಗೆ ಬಿಗಿದಿದೆ, ಬಗ್ಗುವುದೇ ಇಲ್ಲ. ಈ ವಯಸ್ಸಿನಲ್ಲಿ ಯಾಕೆ ನಿನಗೆ ಎಂದು ರೇಗಿಸಿದೆ. ಅವಳು ತಲೆ ಎತ್ತದೆ ಹೇಳಿದಳು: "ಒಂದ್ಸಲ ಕಪ್ಪು ಬಳಿದ್ರು, ನನ್ನ ಮಗಳ ಗುರುತು ಸಿಗ್ಲಿಲ್ಲ. ಈಗ ಬಿಳಿ ಬಳ್ಕೊಂಡು ಬರ್ತಾಳಂತೆ. ಕೈಯಾದ್ರೂ ಗುರುತು ಹಿಡೀಬೇಕಲ್ಲ ಅಕ್ಕ."

ಶನಿವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವಳು ಕಾಯುತ್ತಿರುತ್ತಾಳೆ. ನೀನು ಇಳಿಯುವಾಗ ಯಾರನ್ನೂ ಕೇಳದೆ ಅವಳೇ ನಿನ್ನ ಮೇಲೆ ಬೆರಳಿಡುವ ಹಾಗೆ ಬಾ.

ನಿನ್ನ ನೆತ್ತಿಯ ಮೇಲೆ ಎರಡು ಬೆರಳು ಹಿಡಿದೇ ಇರುವ,
ನಿನ್ನ ದೊಡ್ಡಮ್ಮ
ಅಫ್ರಕೋಮಾ