ಅವ್ವ ಕೊಂಡ ಗಾಳ

ಇಟ್ಟಿಗಿ
೯ ಫೆಬ್ರವರಿ ೨೦೨೫

ಪ್ರೀತಿಯ ಅರುಣಾ,

ಹೇಗಿದ್ದೀಯಪ್ಪ? ಕೆಮ್ಮು ಕಡಿಮೆಯಾಯಿತೇ? ಸಂಜೆಯೆಲ್ಲ ಆ ಕಾರವಾರದ ಉಪ್ಪುಗಾಳಿಯಲ್ಲಿ ನಿಂತರೆ ಎದೆ ಕಟ್ಟದೆ ಇರುತ್ತದೆಯೇ? ನಾವು ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನಾನು ಫೋನ್ ಮಾಡಿದರೆ ‘ಹಾಂ, ಹೂಂ’ ಎಂದು ಇಟ್ಟುಬಿಡುತ್ತೀ, ನೀನಾಗಿ ಮಾಡುವುದಂತೂ ನಿಂತೇ ಹೋಗಿದೆ. ಅದಕ್ಕೇ ಈ ಕಾಗದ.

ಹೋದ ಸಲ ನಾನು ನಿನ್ನ ಮನೆಗೆ ಬಂದ ದಿನ ನೀನು ಎಷ್ಟು ಖುಷಿಯಿಂದ ಆ ಮೀನು ಹಿಡಿಯುವ ಸಾಮಾನಿನ ಚೀಲ ಬಿಚ್ಚಿ ತೋರಿಸಿದೆ! ‘ಅವ್ವಾ, ಗಾಳ ತೆರಿ ದಾಟಿಸಿ ಒಗಿಬೇಕಲ್ಲ, ಅದಕ್ಕ ಕೋಲು ಉದ್ದ ಐತಿ. ಶಾರ್ಕಿನ ಹಲ್ಲಿಗೆ ದಾರ ನಿಲ್ಲಂಗಿಲ್ಲ, ತುದಿಗೆ ಉಕ್ಕಿನ ತಂತಿ ಬೇಕು. ಕೊಲ್ಲಂಗಿಲ್ಲವ್ವ, ಹಿಡಿದು ಬಿಟ್ಟುಬಿಡ್ತೀನಿ’ ಅಂದೆ. ನಾನು ಶಿವಶಿವಾ ಎಂದು ಕಿವಿ ಮುಚ್ಚಿಕೊಂಡೆ. ಲಿಂಗಪೂಜೆಯ ಮನೆಯ ಮಗ ಮೀನಿಗೆ ಗಾಳ ಹಾಕುವುದೇ? ಮರುದಿನ ನೀನು ಆಫೀಸಿಗೆ ಹೋದಾಗ ನಾನು ಗುಜರಿಯವನನ್ನು ಕರೆದು ಚೀಲವನ್ನೇ ಕೊಟ್ಟುಬಿಟ್ಟೆ. ಸಂಜೆ ಬಂದವನು ಚೀಲವಿದ್ದ ಬಾಗಿಲ ಹಿಂದಿನ ಮೂಲೆ ನೋಡಿದೆ. ಕೂಗಾಡುತ್ತೀ ಎಂದು ನಾನೂ ಸೆರಗು ಸಿಕ್ಕಿಸಿ ಸಜ್ಜಾಗಿದ್ದೆ. ನೀನು ‘ಇರ್ಲಿ ಬಿಡವ್ವ’ ಅಂದು, ಅರ್ಧ ರೊಟ್ಟಿ ಬಿಟ್ಟು ಎದ್ದೆ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಆ ಅರ್ಧ ರೊಟ್ಟಿ ಇವತ್ತಿಗೂ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ಮೊನ್ನೆ ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಮಂಡಿಗೆ ಎಣ್ಣೆ ತರುತ್ತೇನೆ ಎಂದು ನಿಮ್ಮಪ್ಪನಿಗೆ ಹೇಳಿ, ಗುರುತಿನವರು ನೋಡಿಯಾರೆಂದು ತಲೆತುಂಬ ಸೆರಗು ಹೊದ್ದು, ಬಲೆ ಮಾರುವ ಜೋಗಪ್ಪನ ಅಂಗಡಿ ಹೊಕ್ಕೆ. ಹಣೆಯ ವಿಭೂತಿ ನೋಡಿ ಅವನು ‘ಕಿರಾಣಿ ಅಂಗಡಿ ಆ ಕಡೆ ಐತ್ರಿ ಅಮ್ಮಾರ’ ಅಂದ. ಶಾರ್ಕಿಗೆ ಗಾಳ ಬೇಕಪ್ಪ ಅಂದೆ. ‘ನಮ್ಮ ಹೊಳ್ಯಾಗ ಶಾರ್ಕ್ ಯಾವಾಗ ಬಂತ್ರಿ!’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಬಿಡಲಿಲ್ಲ. ಕೋಲು, ತೆರೆ, ಹಲ್ಲು, ತಂತಿ ಎಂದು ನೀನು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಕಿವಿ ಮುಚ್ಚಿಕೊಂಡಿದ್ದರೂ ಎಲ್ಲ ಕೇಳಿಸಿತ್ತು ನೋಡು. ಕೊನೆಗೆ ಒಂದು ಕೋಲು, ದಾರ ಸುತ್ತುವ ರೀಲು, ಗಾಳ, ತಂತಿ ಕಟ್ಟಿಸಿಕೊಂಡು ಬಂದೆ. ದೇವರ ಕೋಣೆ ಕಡೆ ಹಾಯದೆ ಹಿತ್ತಲಿಂದ ಒಳಗೆ ತಂದು, ನನ್ನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಪಾರ್ಸೆಲ್ ಮಾಡಿದ್ದೇನೆ.

ಬಾಯಿಗೆ ಚುಚ್ಚಿ ಆಮೇಲೆ ಬಿಡುವುದು ಎಂಥ ದಯೆಯೋ ನನಗಿನ್ನೂ ತಿಳಿದಿಲ್ಲ. ಅದನ್ನು ಮುಂದೆಯೂ ಅನ್ನುತ್ತೇನೆ, ಕೇಳಿಸಿಕೋ. ಆದರೆ ನಿನ್ನ ವಸ್ತುವನ್ನು ನಿನ್ನನ್ನು ಕೇಳದೆ ಕೊಟ್ಟೆನಲ್ಲ, ಅದು ತಪ್ಪು. ತಪ್ಪಾಯಿತಪ್ಪ.

ಹೊತ್ತಿಗೆ ಸರಿಯಾಗಿ ಉಣ್ಣು. ನೀರಿಗೆ ಒಬ್ಬನೇ ಇಳಿಯಬೇಡ. ನೀನು ಯಾವ ದಂಡೆಯಲ್ಲಿ ನಿಂತರೂ ಶಿವ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ಅನ್ನದಾನಮ್ಮ

ತಾ.ಕ.: ಈ ಗಾಳ ಹಿಡಿದು ಸಮುದ್ರಕ್ಕೆ ಮಾತ್ರ ಹೋಗಬೇಡ. ‘ಇದು ಹೊಳಿ ಮೀನಿಂದು, ಶಾರ್ಕ್ ಒಮ್ಮೆ ಜಗ್ಗಿದ್ರ ತಡಿಯಂಗಿಲ್ರಿ’ ಎಂದು ಜೋಗಪ್ಪ ಮೊದಲೇ ಹೇಳಿದ್ದ. ಗೊತ್ತಿದ್ದೇ ತಂದೆ. ‘ಏನು ತಂದೀಯವ್ವ, ತಿಳೀತದೇನು ನಿನಗ’ ಎಂದು ಬೈಯುವುದಕ್ಕಾದರೂ ನೀನಾಗಿ ಫೋನ್ ಮಾಡುತ್ತೀಯಲ್ಲ.